ಮೂರೂಕಾಲಿಗೆ ಬಿಲ್ಲು, ಮೂರೂಮುಕ್ಕಾಲಿಗೆ ತಟ್ಟೆ

ಹೋದ ತಿಂಗಳು ಒಂದು ಗುರುವಾರ ನಾವು ಆರು ಜನ ಚೈನೀಸ್ ಬಫೆಯಿಂದ ಹೊರಗೆ ಬಂದೆವು. ಬಿಲ್ಲು ನನ್ನ ಕೈಯಲ್ಲಿತ್ತು. ಕೊಟ್ಟಿದ್ದು ಲಂಚಿನ ದುಡ್ಡು, ತಿಂದಿದ್ದು ಡಿನ್ನರ್. ಅದೂ ಒಲೆಯಿಂದ ಆಗಷ್ಟೇ ಇಳಿದಿದ್ದು. ಪಾರ್ಕಿಂಗ್ ಲಾಟಿನಲ್ಲಿ ನಿಂತು ಬಿಲ್ಲನ್ನು ಒಬ್ಬೊಬ್ಬರ ಮುಖಕ್ಕೂ ಹಿಡಿದೆ. ಲಂಚಿನ ದುಡ್ಡಿಗೆ ಡಿನ್ನರ್ ತಿನ್ನಬಹುದು ಎಂದರೆ ಎರಡು ವರ್ಷದಿಂದ 'ಅದೆಲ್ಲ ಆಗದ ಮಾತು ಮಾರಾಯ' ಎಂದು ನಗುತ್ತಿದ್ದವರು ಇವರೇ. ಆರು ಜನಕ್ಕೆ ಹೆಚ್ಚುಕಮ್ಮಿ ಮೂವತ್ತು ಡಾಲರ್ ಉಳಿಯಿತು. ಯಾರೂ ಬಾಯಿ ಬಿಟ್ಟು ಹೊಗಳಲಿಲ್ಲ. ಒಬ್ಬ ಮಾತ್ರ 'ಮುಂದಿನ ಸಲ ಯಾವಾಗ?' ಎಂದ. ಅಷ್ಟು ಸಾಕು.

ನಾನಿರುವುದು ಟೆಕ್ಸಾಸ್‌ನ ಪ್ಲೇನೊದಲ್ಲಿ. ಈ ದೇಶದಲ್ಲಿ ಇರುವವರಿಗೆ ಇಂಥ ಜಾಗ ಹೇಗಿರುತ್ತದೆ ಎಂದು ಹೇಳಬೇಕಿಲ್ಲ. ಸ್ಟ್ರಿಪ್ ಮಾಲಿನ ಮೂಲೆ, ಬಾಗಿಲಲ್ಲಿ ಮೀನಿನ ತೊಟ್ಟಿ, ಕೌಂಟರಿನ ಮೇಲೆ ಕೈ ಆಡಿಸುವ ಬೆಕ್ಕು. ಒಳಗೆ ಅಡುಗೆಯನ್ನು ಹಬೆಯಲ್ಲಿ ಬಿಸಿಯಾಗಿಡುವ ಸಾಲು ಸಾಲು ಸ್ಟೀಮ್ ಟೇಬಲ್, ಕೊನೆಯಲ್ಲಿ ಗ್ರಿಲ್, ಅದರ ಪಕ್ಕ ಐಸ್‌ಕ್ರೀಮ್ ಯಂತ್ರ. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಲಂಚ್ ಏಳು ಡಾಲರಿಗೆ ಮುಗಿಯುತ್ತಿತ್ತು. 2020ರಲ್ಲಿ ಎಷ್ಟೋ ಬಫೆಗಳು ಬಾಗಿಲು ಹಾಕಿದವು. ಉಳಿದುಕೊಂಡವು ದರ ಏರಿಸಿದವು. ಈಗ ವಾರದ ದಿನ ಲಂಚ್ ಹನ್ನೆರಡು ಡಾಲರಿನ ಆಸುಪಾಸು, ಡಿನ್ನರ್ ಹದಿನೇಳರ ಆಸುಪಾಸು. ಮೇಲೆ 8.25 ಪರ್ಸೆಂಟ್ ಟ್ಯಾಕ್ಸ್, ಟಿಪ್. ಕೋಕ್ ತೆಗೆದುಕೊಂಡರೆ ಇನ್ನೊಂದು ಎರಡೂವರೆ. ಕೋಕ್ ತೆಗೆದುಕೊಳ್ಳುವವರು ಮುಂದೆ ಓದದಿದ್ದರೂ ನಡೆಯುತ್ತದೆ.

ಮೊದಲು ಸೋತ ಕಥೆ.

ಶುರುವಿನಲ್ಲಿ ನಾನೂ ಎಲ್ಲರ ಹಾಗೇ ಮಾಡುತ್ತಿದ್ದೆ. ಶನಿವಾರ ಬೆಳಗಿನಿಂದ ಉಪವಾಸ, ಸಂಜೆ ಏಳಕ್ಕೆ ದಾಳಿ. ಹೊಟ್ಟೆ ಹಸಿದಾಗ ಬುದ್ಧಿ ಕೆಲಸ ಮಾಡುವುದಿಲ್ಲ, ಕೈ ಮಾತ್ರ ಕೆಲಸ ಮಾಡುತ್ತದೆ. ಮೊದಲ ತಟ್ಟೆಯಲ್ಲೇ ಎಗ್ ರೋಲ್, ಕ್ರೀಮ್ ಚೀಸ್ ತುಂಬಿ ಕರಿದ ಕ್ರ್ಯಾಬ್ ರಂಗೂನ್, ಫ್ರೈಡ್ ರೈಸ್ ಗುಡ್ಡೆ. ಎರಡನೆಯದಕ್ಕೆ ಹೋಗುವಾಗಲೇ ಏದುಸಿರು. ಆಮೇಲೆ ದುಡ್ಡು ವಸೂಲಿಯಾಗಬೇಕಲ್ಲ ಎಂದು ಸಕ್ಕರೆಯಲ್ಲಿ ಹೊರಳಿಸಿದ ಆ ಡೋನಟ್ ನಾಲ್ಕು. ಮನೆಗೆ ಹೋಗುವ ದಾರಿಯಲ್ಲಿ ಒಂದು ಗ್ಯಾಸ್ ಸ್ಟೇಷನ್ ಪಕ್ಕ ಕಾರು ನಿಲ್ಲಿಸಿ ಮುಕ್ಕಾಲು ಗಂಟೆ ಮಲಗಿದ್ದೇನೆ. ಹೆಂಡತಿ ಅದನ್ನು ಇವತ್ತಿಗೂ ಮರೆತಿಲ್ಲ.

ಆಮೇಲೆ ಜಾಣತನ ಮಾಡಿ ವಾರದ ದಿನ ಎರಡೂಕಾಲಿಗೆ ಹೋದೆ. ಜನ ಇರುವುದಿಲ್ಲ, ಆರಾಮಾಗಿ ತಿನ್ನಬಹುದು ಅಂತ. ಜನ ಇರಲಿಲ್ಲ ನಿಜ, ಊಟವೂ ಇರಲಿಲ್ಲ. ಲೋ ಮೇನ್ ನೂಡಲ್ಸ್ ಹುರಿ ಹಗ್ಗದ ಹಾಗೆ ಒಂದಕ್ಕೊಂದು ಅಂಟಿಕೊಂಡಿತ್ತು. ಇಕ್ಕಳದಲ್ಲಿ ಎತ್ತಿದರೆ ಇಡೀ ಟ್ರೇ ಎದ್ದು ಬರುತ್ತಿತ್ತು. ಸಿಹಿ ಸಾಸಿನಲ್ಲಿ ಹೊರಳಿಸಿದ ಜನರಲ್ ಸೋ ಚಿಕನ್ ಮೇಲೆ ಕಾದಾರಿದ ಹಾಲಿನ ಕೆನೆಯಂಥ ಪದರ. ಸೌಟಿನ ತುದಿಯಿಂದ ತಳ್ಳಿದರೆ ಅದು ಸುಕ್ಕುಗಟ್ಟಿ ಒಂದು ಪಕ್ಕಕ್ಕೆ ಸರಿಯಿತು. ಸಕ್ಕರೆ, ಕಾರ್ನ್ ಸ್ಟಾರ್ಚು ಅಷ್ಟು ಹೊತ್ತು ಹಬೆಯ ಮೇಲೆ ಕೂತರೆ ಹಾಗೇ ಆಗುತ್ತದೆ. (1950ರ ದಶಕದಲ್ಲಿ ಈ ಚಿಕನ್ನನ್ನು ತೈವಾನಿನಲ್ಲಿ ಮೊದಲು ಮಾಡಿದ, ಚೀನಾದ ಹುನಾನಿನ ಬಾಣಸಿಗ ಪೆಂಗ್ ಚಾಂಗ್ ಕ್ವೇ ಅವರ ಅಡುಗೆಯಲ್ಲಿ ಸಿಹಿ ಇರಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಸೇರಿಕೊಂಡದ್ದು ಅದು.) ಹನ್ನೆರಡು ಡಾಲರ್ ಕೊಟ್ಟು ಕಲ್ಲಂಗಡಿ ಹಣ್ಣು ತಿಂದು ಬಂದೆ.

ಇನ್ನೊಂದು ಸಲ ಐದೇ ನಿಮಿಷ ತಡ. ಮೂರೂವರೆಗೆ ಡಿನ್ನರ್ ದರ ಶುರು, ನಾನು ಕೌಂಟರಿಗೆ ಬಂದಿದ್ದು ಮೂರು ಮೂವತ್ತೈದಕ್ಕೆ. ಮತ್ತೊಂದು ಕಡೆ ಬಿಲ್ಲು ಊಟ ಆದ ಮೇಲೆ ಬಂತು. ನಾನು ಕೂತಿದ್ದು ಮೂರಕ್ಕೆ, ಎದ್ದಿದ್ದು ನಾಲ್ಕೂವರೆಗೆ. ಡಿನ್ನರ್ ದರ ಹಾಕಿದ್ದರು. ವಾದ ಮಾಡಿದೆ, ಸೋತೆ. ಭಾನುವಾರದ ಪಾಠ ಇನ್ನೂ ದುಬಾರಿ. ಅವತ್ತು ಲಂಚ್ ದರವೇ ಇಲ್ಲ, ದಿನಪೂರ್ತಿ ಡಿನ್ನರ್. ಅತ್ತೆ ಮಾವ ಊರಿನಿಂದ ಬಂದಿದ್ದರು. ನಾಲ್ಕು ಜನಕ್ಕೆ ಟಿಪ್ ಸೇರಿ ಎಂಬತ್ತೈದೋ ಎಷ್ಟೋ ಆಯಿತು. ಮಾವ ತಿಂದಿದ್ದು ಬಿಳಿ ಅನ್ನ ಮತ್ತು ಐಸ್‌ಕ್ರೀಮ್. ನಾನು ಅವರ ಪಾಲನ್ನೂ ವಸೂಲಿ ಮಾಡುತ್ತೇನೆ ಎಂದು ಚೀಸ್ ಹಾಕಿ ಬೇಯಿಸಿದ ಮಸಲ್ಸ್ ಎಂಬ ಚಿಪ್ಪುಮೀನಿಗೆ ಕೈ ಹಾಕಿದೆ. ರಾತ್ರಿಯಿಡೀ ಏನಾಯಿತು ಅನ್ನುವುದು ಬೇಡ ಬಿಡಿ.

ತಿರುವು ಸಿಕ್ಕಿದ್ದು ಮೀನಿನ ತೊಟ್ಟಿಯ ಹತ್ತಿರ ಅಲ್ಲ, ಹಿಂದಿನ ಮೂಲೆಯ ಮೇಜಿನಲ್ಲಿ. ಎರಡೂಮುಕ್ಕಾಲರ ಹೊತ್ತಿಗೆ ಅಡುಗೆಯವರು, ತಟ್ಟೆ ಎತ್ತುವವರು, ಕೌಂಟರಿನಾಕೆ, ಹೋಂವರ್ಕ್ ಮಾಡುತ್ತಿದ್ದ ಅವಳ ಮಗ, ಎಲ್ಲರೂ ಒಂದು ದುಂಡು ಮೇಜಿನ ಸುತ್ತ ಊಟಕ್ಕೆ ಕೂತರು. ಅವರು ಬಫೆಯಿಂದ ಒಂದು ತುತ್ತೂ ತೆಗೆದುಕೊಳ್ಳಲಿಲ್ಲ. ಹಬೆಯಲ್ಲಿ ಬೇಯಿಸಿದ ಇಡೀ ಮೀನು, ಬೆಳ್ಳುಳ್ಳಿ ಹಾಕಿದ ಸೊಪ್ಪು, ಬೋಗುಣಿಯಲ್ಲಿ ಅನ್ನ, ತಿಳಿ ಸಾರು. ಈ ದೇಶದ ಬಫೆಗಳನ್ನು ನಡೆಸುವವರಲ್ಲಿ ಬಹಳ ಜನ ಚೀನಾದ ಫ್ಯೂಜಿಯಾನ್ ಕಡೆಯವರು. ಅದು ಅವರ ಮನೆ ಊಟ. ಅದನ್ನು ನೋಡುತ್ತಾ ಕೂತಾಗ ಹೊಳೆಯಿತು. ಅಡುಗೆಯವರು ಇಲ್ಲಿ ಕೂತಿದ್ದರೆ ಒಲೆ ಮುಂದೆ ಯಾರಿದ್ದಾರೆ? ಯಾರೂ ಇಲ್ಲ. ಅದಕ್ಕೇ ಎರಡರಿಂದ ಮೂರೂಕಾಲರ ತನಕ ಟ್ರೇಗಳಿಗೆ ಆ ಗತಿ. ಇವರು ಎದ್ದು ಒಳಗೆ ಹೋದ ಹದಿನೈದಿಪ್ಪತ್ತು ನಿಮಿಷಕ್ಕೆ ಅಡುಗೆಮನೆ ಬಾಗಿಲು ಒದ್ದುಕೊಂಡು ಗಾಡಿ ಬಂತು. ಅದರಲ್ಲಿ ಡಿನ್ನರಿನ ಮಾಲು.

ಅಂದರೆ ನೋಡಬೇಕಾದ್ದು ಗಡಿಯಾರವನ್ನಲ್ಲ, ಆ ದುಂಡು ಮೇಜನ್ನು.

ಈಗ ನನ್ನ ಕ್ರಮ ಇಷ್ಟು. ದುಡ್ಡು ಮೊದಲೇ ತೆಗೆದುಕೊಳ್ಳುವ ಬಫೆಗೆ ಮಾತ್ರ ಹೋಗುತ್ತೇನೆ. ಮೂರೂಕಾಲಿಗೆ ಬಿಲ್ಲು ಕಟ್ಟುತ್ತೇನೆ. ಕದ್ದು ಮುಚ್ಚಿ ಏನಿಲ್ಲ. ಡಿನ್ನರ್ ಶುರುವಾದ ಮೇಲೂ ಕೂರಬಹುದಾ ಎಂದು ಕೌಂಟರಿನಾಕೆಯನ್ನು ಕೇಳಿದ್ದೇನೆ. ಎರಡು ಗಂಟೆಯೊಳಗೆ ಏಳಬೇಕು, ಅಷ್ಟೇ ಎಂದಳು. ಮಧ್ಯಾಹ್ನ ಮನೆಯಲ್ಲಿ ಒಂದು ಲೋಟ ಮಜ್ಜಿಗೆ, ಒಂದು ಬಾಳೆಹಣ್ಣು ಆಗಿರಬೇಕು. ಖಾಲಿ ಹೊಟ್ಟೆಯಲ್ಲಿ ಖಂಡಿತಾ ಹೋಗಬೇಡಿ. ಕೂರುವುದು ಕಿಟಕಿ ಪಕ್ಕ ಅಲ್ಲ, ಅಡುಗೆಮನೆ ಬಾಗಿಲು ಕಾಣುವ ಜಾಗದಲ್ಲಿ. ಮೊದಲ ಇಪ್ಪತ್ತು ನಿಮಿಷ ಹಾಟ್ ಅಂಡ್ ಸೋರ್ ಸೂಪು ಅರ್ಧ ಬಟ್ಟಲು, ಬಿಸಿ ಟೀ. ಅಷ್ಟೇ. ಈ ಇಪ್ಪತ್ತು ನಿಮಿಷ ಕೈ ಕಟ್ಟಿಕೊಂಡು ಕೂರುವುದೇ ಕಷ್ಟ. ಗೆಳೆಯರು ಸೋಲುತ್ತಿದ್ದದ್ದು ಇಲ್ಲೇ. ಸುಮ್ನೆ ರುಚಿ ನೋಡುತ್ತೇನೆ ಎಂದು ಎದ್ದು ಹೋಗಿ ಒಣಗಿದ ಎಗ್ ರೋಲ್ ತರುತ್ತಿದ್ದರು.

ಗಾಡಿ ಬಂದಾಗ ಓಡಬಾರದು. ಹೊಸ ಟ್ರೇಯನ್ನು ಹೇಗೆ ಇಡುತ್ತಾರೆ ನೋಡಿ. ಹಳೆಯದನ್ನು ಎತ್ತಿ ಹೊಸದನ್ನು ಇಟ್ಟರೆ ಸರಿ. ಹಳೆಯದನ್ನು ಹೊಸದರ ಮೇಲೆ ಸುರಿದರೆ ಆ ಕಡೆ ಹೋಗಬೇಡಿ, ಇಲ್ಲವೇ ಬದಿಯಿಂದ ಸೌಟು ಹಾಕಿ ಅಡಿಯಿಂದ ತೆಗೆಯಿರಿ. ಉಪ್ಪು ಮೆಣಸಿನ ಸೀಗಡಿ ಬಂದಾಗ ಸಿಪ್ಪೆ ಇನ್ನೂ ಚಟಚಟ ಅನ್ನುತ್ತಿರುತ್ತದೆ. ಮೇಲೆ ಹಸಿಮೆಣಸು, ಈರುಳ್ಳಿ. ಐದು ನಿಮಿಷ ಬಿಟ್ಟರೆ ಹಬೆಗೆ ಮೆತ್ತಗಾಗುತ್ತದೆ. ಅದಕ್ಕೇ ಒಂದು ತಟ್ಟೆಗೆ ಒಂದೇ ಪದಾರ್ಥ, ನಾಲ್ಕೈದು ತುಂಡು, ತಿಂದು ಮತ್ತೆ ಏಳುವುದು. ಹೋದ ತಿಂಗಳ ಆ ಗುರುವಾರ ಹಾಗೆ ಒಂಬತ್ತು ಸಲ ಎದ್ದಿದ್ದೇನೆ. ಆದರೂ ಮನೆಗೆ ಬಂದು ರಾತ್ರಿ ವಾಕಿಂಗ್ ಹೋದೆ. ಶನಿವಾರದ ನಾನಾಗಿದ್ದರೆ ಆಗುತ್ತಿತ್ತಾ?

ಏಡಿ ಕಾಲು ಕೆಲವು ದಿನ ಮಾತ್ರ ಬರುತ್ತದೆ. ನಮ್ಮ ಕಡೆ ಯಾವ ದಿನ ಎಂದು ನನಗೆ ಗೊತ್ತು, ಹೇಳುವುದಿಲ್ಲ. ಹೇಳಿದರೆ ಮುಂದಿನ ವಾರ ಅಲ್ಲಿ ನಿಮ್ಮ ಕಾರೇ ನಿಂತಿರುತ್ತದೆ. ಇನ್ನು ಕ್ರ್ಯಾಬ್ ರಂಗೂನ್‌ನಲ್ಲಿ ಇರುವುದು ಹೆಚ್ಚಾಗಿ ಮೀನಿನ ಮಾಂಸ ಅರೆದು ಮಾಡಿದ ನಕಲಿ ಏಡಿ, ಉಳಿದದ್ದು ಕ್ರೀಮ್ ಚೀಸ್. ಗೊತ್ತಿದ್ದೂ ಎರಡು ತಿನ್ನುತ್ತೇನೆ.

ಹೆಂಡತಿ ಸಸ್ಯಾಹಾರಿ. ಅವಳಿಗೂ ಅದೇ ಹನ್ನೆರಡು ಡಾಲರ್, ಅದೇ ನನ್ನ ದೊಡ್ಡ ತಲೆನೋವಾಗಿತ್ತು. ಬೀನ್ಸ್ ಪಲ್ಯ ನೋಡಲು ಚೆನ್ನಾಗಿರುತ್ತದೆ, ಆದರೆ ಸಾಮಾನ್ಯವಾಗಿ ಸಿಂಪಿಯ ಸಾರದಿಂದ ಮಾಡಿದ ಆಯ್ಸ್ಟರ್ ಸಾಸ್ ಬಿದ್ದಿರುತ್ತದೆ. ಸೂಪುಗಳಿಗೆ ಚಿಕನ್ ಸ್ಟಾಕ್. ನಾವು ಬಟ್ಟಲಿಗೆ ಹಾಕಿ ಕೊಟ್ಟಿದ್ದನ್ನು ಕಣ್ಣೆದುರೇ ಹುರಿದು ಕೊಡುವ ಗ್ರಿಲ್ ಒಂದೇ ದಾರಿ. ಮೂರೂವರೆಗೆ ಗ್ರಿಲ್ಲಿನವನು ಕಾವಲಿ ಉಜ್ಜಿ ತೊಳೆಯುತ್ತಾನೆ. ನೀರು ಸುರಿದಾಗ ಭುಸ್ ಎಂದು ಹಬೆ ಏಳುತ್ತದೆ, ಮೇಜಿನಿಂದಲೇ ಕೇಳಿಸುತ್ತದೆ. ಆ ಸದ್ದಿಗೆ ಅವಳು ಬಟ್ಟಲು ಹಿಡಿದು ಮೊದಲು ನಿಲ್ಲುತ್ತಾಳೆ. ತೋಫು, ಅಣಬೆ, ಕೋಸು, ಮೊಳಕೆಕಾಳು, ಸ್ವಲ್ಪ ನೂಡಲ್ಸ್. ಸಾಸಿಗೆ ನಾವು ಅಲ್ಲಿರುವ ಮೂರನ್ನು ಒಂದು ಲೆಕ್ಕದಲ್ಲಿ ಬೆರೆಸುತ್ತೇವೆ. ಆ ಲೆಕ್ಕ ಅವಳದು, ಕೊಡಲು ನನಗೆ ಅಪ್ಪಣೆ ಇಲ್ಲ.

ನಡುವೆ ಮಾಡಿದ ಕೆಲವು ಹುಚ್ಚು ಪ್ರಯೋಗಗಳೂ ಇವೆ. ಮಸಲ್ಸ್ ಘಟನೆಯ ನಂತರ ಅಡುಗೆ ಥರ್ಮಾಮೀಟರ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಇಲ್ಲಿನ ಸರ್ಕಾರದ ಆಹಾರ ಇಲಾಖೆ ಎಫ್‌ಡಿಎಯ ಫುಡ್ ಕೋಡ್ ಪ್ರಕಾರ ಬಿಸಿ ಅಡುಗೆ 135 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯಬಾರದು, ಅಂದರೆ 57 ಸೆಲ್ಸಿಯಸ್. ಟ್ರೇಗೆ ಚುಚ್ಚುವುದು ಸಭ್ಯತೆ ಅಲ್ಲ, ತಟ್ಟೆಗೆ ಹಾಕಿಕೊಂಡ ತಕ್ಷಣ ಚುಚ್ಚುತ್ತಿದ್ದೆ. ಎರಡೂವರೆಯ ಫ್ರೈಡ್ ರೈಸ್ 120ರ ಹತ್ತಿರ ತೋರಿಸಿತ್ತು. ಮೂರೂಮುಕ್ಕಾಲರದು 160 ದಾಟಿತ್ತು. ಮಗಳು 'ಅಪ್ಪಾ, ಎಲ್ಲರೂ ನೋಡ್ತಿದ್ದಾರೆ' ಎಂದು ಮೇಜಿನ ಕೆಳಗೆ ಒದ್ದ ಮೇಲೆ ಬಿಟ್ಟೆ.

ತೂಕದ ಡಬ್ಬಿಯನ್ನೂ ಪರೀಕ್ಷೆ ಮಾಡಿದೆ. ಪೌಂಡಿಗೆ ಏಳು ಡಾಲರಿನ ಹಾಗೆ ಮನೆಗೆ ಕೊಂಡೊಯ್ಯುವುದು. ಅನ್ನ, ಲೋ ಮೇನ್ ಒತ್ತಿ ತುಂಬಿದ ಡಬ್ಬಿ ಎರಡೂವರೆ ಪೌಂಡ್ ತೂಗಿತು. ಡಿನ್ನರಿಗೆ ಕೂತು ತಿಂದಿದ್ದರೂ ಅಷ್ಟೇ ಆಗುತ್ತಿತ್ತು! ಹಗುರದ ಪದಾರ್ಥ ಮಾತ್ರ ಹಾಕಿದ ಡಬ್ಬಿ ಒಂದೂಕಾಲು ಪೌಂಡ್, ಒಂಬತ್ತು ಡಾಲರಿನೊಳಗೆ. ಒಬ್ಬರಿಗೆ ಲಾಭವೇ, ಆದರೆ ಮನೆಗೆ ಬರುವಷ್ಟರಲ್ಲಿ ಎಲ್ಲ ಬೆವೆತು ಮೆತ್ತಗಾಗಿತ್ತು. ಚಟ್ನಿಪುಡಿಯನ್ನು ಪೊಟ್ಟಣ ಕಟ್ಟಿಕೊಂಡು ಹೋಗಿ ಲೋ ಮೇನ್ ಮೇಲೆ ಉದುರಿಸಿದ್ದೂ ಉಂಟು. ಪಕ್ಕದ ಮೇಜಿನ ಅಮೆರಿಕನ್ ಅಜ್ಜ ಅದೇನೆಂದು ಕೇಳಿದ. ಸ್ವಲ್ಪ ಕೊಟ್ಟೆ. ಎರಡು ಲೋಟ ನೀರು ಕುಡಿದು ಇನ್ನೂ ಸ್ವಲ್ಪ ಕೇಳಿದ.

ಟಿಪ್ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಲಂಚ್ ದರ ಕೊಟ್ಟು ಡಿನ್ನರ್ ತಿನ್ನುವವನು ಟಿಪ್ಪನ್ನು ಡಿನ್ನರಿನ ಲೆಕ್ಕದಲ್ಲೇ ಇಡಬೇಕು. ಒಂಬತ್ತು ತಟ್ಟೆ ಎತ್ತಿದವರು ಅವರು. ತಲೆಗೆ ಮೂರು ಡಾಲರ್ ಇಡುತ್ತೇನೆ, ನೋಟಿನಲ್ಲಿ.

ಹೋದ ಮಂಗಳವಾರ ಒಬ್ಬನೇ ಹೋಗಿದ್ದೆ. ಟ್ರಾಫಿಕ್ಕಿನಲ್ಲಿ ಸಿಕ್ಕಿ ಮೂರು ಇಪ್ಪತ್ತೆಂಟಕ್ಕೆ ಬಾಗಿಲು ತಳ್ಳಿದೆ. ಕೌಂಟರಿನಾಕೆ ಗೋಡೆ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ಏನೂ ಮಾತಾಡದೆ ಲಂಚಿನ ಗುಂಡಿ ಒತ್ತಿದಳು. ಹಿಂದಿನ ಮೂಲೆಯಲ್ಲಿ ದುಂಡು ಮೇಜನ್ನು ಆಗಷ್ಟೇ ಒರೆಸುತ್ತಿದ್ದರು.