ಚಾವಣಿ ದುರಸ್ತಿ: ಏಣಿ ಇಡುವ ಮುನ್ನ, ಇಟ್ಟ ಮೇಲೆ

ಚಾವಣಿ ಸೋರುತ್ತಿದೆ ಎಂದ ಕೂಡಲೇ ಏಣಿ ಹುಡುಕಲು ಹೊರಡುತ್ತೇವೆ. ಅದಕ್ಕಿಂತ ಮೊದಲು ಹುಡುಕಬೇಕಾದದ್ದು, ಮೇಲೆ ಹತ್ತದೆಯೇ ಕೆಲಸ ಮುಗಿಸುವ ದಾರಿಯನ್ನು. ಒಡೆದದ್ದು ಎಲ್ಲಿ ಎಂದು ತಿಳಿಯಲು ಮೊಬೈಲನ್ನು ಕೋಲಿಗೆ ಕಟ್ಟಿ, ವಿಡಿಯೊ ಚಾಲೂ ಮಾಡಿ ಎತ್ತಿ ಹಿಡಿದರೆ ಸಾಕು. ಜಾರಿದ ಹೆಂಚೊಂದನ್ನು ಎಷ್ಟೋ ಸಲ ಒಳಗಿನಿಂದಲೇ, ರೀಪುಗಳ ಸಂದಿಯಲ್ಲಿ ಕೈ ಹಾಕಿ ಸರಿಪಡಿಸಬಹುದು. ಸೂರಿನಂಚಿನಲ್ಲಿ ಮಳೆನೀರು ಹರಿಯುವ ದೋಣಿಯಲ್ಲಿ ಎಲೆ ತುಂಬಿದ್ದರೆ ಉದ್ದ ಹಿಡಿಯ ಬ್ರಷ್ ಇದೆ. ಇವು ಯಾವುವೂ ಸಾಲದಿದ್ದಾಗ ಮಾತ್ರ ಹತ್ತುವ ಮಾತು.

ತಲೆಸುತ್ತು ಬರುವವರು, ಮಂಪರು ತರುವ ಔಷಧಿ ತೆಗೆದುಕೊಂಡವರು ಆ ದಿನ ಕೆಳಗೇ ಇರಲಿ. ಎರಡು ಅಂತಸ್ತಿನ ಎತ್ತರ, ಕಡಿದಾದ ಇಳಿಜಾರು, ಬಿರುಕು ಬಿಟ್ಟ ತೊಲೆ ಇದ್ದರೆ ಕೆಲಸ ಬಲ್ಲವರಿಗೇ ಬಿಡಿ. ಕೂಲಿ ಉಳಿಸಲು ಹೋಗಿ ಸೊಂಟ ಮುರಿದುಕೊಳ್ಳುವುದು ಯಾವ ಲೆಕ್ಕದಲ್ಲೂ ಉಳಿತಾಯವಾಗದು.

ದಿನವನ್ನೂ ಆರಿಸಿಕೊಳ್ಳಬೇಕು. ಮಳೆ, ಗಾಳಿ, ಗುಡುಗು ಇದ್ದರೆ ಬೇಡವೆಂದು ಎಲ್ಲರಿಗೂ ಗೊತ್ತು. ಬೆಳಗಿನ ಇಬ್ಬನಿಯನ್ನು ಮಾತ್ರ ಮರೆಯುತ್ತೇವೆ. ಪಾಚಿಯ ಮೇಲೆ ತೆಳ್ಳಗೆ ಇಬ್ಬನಿ ಕೂತರೆ ಎಂಥ ಬೂಟೂ ನಿಲ್ಲುವುದಿಲ್ಲ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕೆಲಸ ಮುಗಿಸುವುದು ಒಳ್ಳೆಯದು. ನಡು ಮಧ್ಯಾಹ್ನದ ತಗಡಿನ ಮೇಲೆ ಕೈಯೂರಲೂ ಆಗುವುದಿಲ್ಲ.

ಏಣಿ

ಏಣಿಯನ್ನು ಗಟ್ಟಿಯಾದ ಸಮನೆಲದ ಮೇಲೆ ನಿಲ್ಲಿಸಿ. ತಗ್ಗಿದ್ದಲ್ಲಿ ಇಟ್ಟಿಗೆ ಚೂರು ತುರುಕುವ ಉಪಾಯ ಬೇಡ. ಏಣಿ ಒರಗುವ ಜಾಗ ನಾಲ್ಕು ಅಡಿ ಎತ್ತರದಲ್ಲಿದ್ದರೆ ಬುಡ ಗೋಡೆಯಿಂದ ಒಂದು ಅಡಿ ದೂರ ಇರಬೇಕು. ಹನ್ನೆರಡು ಅಡಿಗೆ ಮೂರು ಅಡಿ. ಅಳತೆಪಟ್ಟಿ ಇಲ್ಲದೆಯೂ ಇದನ್ನು ನೋಡಬಹುದು. ಕಾಲ್ಬೆರಳುಗಳು ಏಣಿಯ ಬುಡಕ್ಕೆ ತಾಗುವಂತೆ ನೆಟ್ಟಗೆ ನಿಂತು, ಎರಡೂ ಕೈಗಳನ್ನು ಭುಜದ ಮಟ್ಟದಲ್ಲಿ ಮುಂದಕ್ಕೆ ಚಾಚಿ. ಅಂಗೈ ಏಣಿಯ ಮೆಟ್ಟಿಲಿಗೆ ಸರಿಯಾಗಿ ಸಿಕ್ಕಿದರೆ ಓರೆ ಸರಿಯಿದೆ. ಮೊಣಕೈ ಮಡಚಬೇಕಾಗಿ ಬಂದರೆ ಏಣಿ ತೀರಾ ನೆಟ್ಟಗಿದೆ, ಹಿಂದಕ್ಕೆ ವಾಲಬಹುದು. ಕೈ ನಿಲುಕದಿದ್ದರೆ ತೀರಾ ಮಲಗಿದೆ, ಬುಡ ಜಾರಬಹುದು.

ಏಣಿಯ ತುದಿ ಸೂರಿನಿಂದ ಮೂರು ಅಡಿಯಾದರೂ ಮೇಲಕ್ಕೆ ಚಾಚಿರಲಿ. ಚಾವಣಿಗೆ ಕಾಲಿಡುವಾಗ ಹಿಡಿಯಲು ಅದೊಂದೇ ಆಸರೆ. ಪಿವಿಸಿ ದೋಣಿಗೆ ಏಣಿ ಒರಗಿಸಬೇಡಿ. ತುದಿಯನ್ನು ಹಗ್ಗದಿಂದ ಬಿಗಿಯುವವರೆಗೆ ಕೆಳಗೊಬ್ಬರು ಬುಡ ಹಿಡಿದಿರಲಿ, ಆಮೇಲೂ ಅಲ್ಲೇ ಕೂಗಿಗೆ ಸಿಗುವಂತಿರಲಿ. ಆದರೆ ನೇರ ಕೆಳಗೆ ನಿಲ್ಲಬಾರದು. ಹತ್ತುವಾಗ ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ ಸದಾ ಏಣಿಯ ಮೇಲಿರಬೇಕು. ಹಾಗಾಗಿ ಸುತ್ತಿಗೆ, ಸಿಮೆಂಟ್ ಬುಟ್ಟಿ ಇವನ್ನು ಹಿಡಿದು ಹತ್ತುವಂತಿಲ್ಲ. ಮೇಲೆ ಹೋದ ಮೇಲೆ ಹಗ್ಗದಲ್ಲಿ ಸೇದಿಕೊಳ್ಳಿ.

ವಿದ್ಯುತ್ ತಂತಿ ಸಮೀಪ ಹಾದುಹೋಗಿದ್ದರೆ ಅಲ್ಯೂಮಿನಿಯಂ ಏಣಿ ತರಲೇಬೇಡಿ. ಒದ್ದೆ ಬಿದಿರನ್ನೂ ನಂಬುವಂತಿಲ್ಲ. ಸೋಲಾರ್ ಫಲಕಗಳ ಮೇಲೆ ಬಿಸಿಲು ಬೀಳುವಷ್ಟು ಹೊತ್ತೂ ತಂತಿಯಲ್ಲಿ ವಿದ್ಯುತ್ ಇರುತ್ತದೆ, ಕೆಳಗೆ ಸ್ವಿಚ್ ಆರಿಸಿದರೂ.

ಶೀಟಿನ ಚಾವಣಿ

ಅಂಚಿನಿಂದ ಜಾರಿ ಬೀಳುವ ಭಯ ಎಲ್ಲರಿಗೂ ಇದೆ. ಚಾವಣಿಯೇ ಕುಸಿದು ಒಳಕ್ಕೆ ಬೀಳುವ ಭಯ ಮಾತ್ರ ಯಾರಿಗೂ ಇದ್ದಂತಿಲ್ಲ. ಹಳೆಯ ಸಿಮೆಂಟ್ ಶೀಟು ನೋಡಲು ಗಟ್ಟಿ, ಕಾಲಿಟ್ಟರೆ ಮುನ್ಸೂಚನೆಯಿಲ್ಲದೆ ತುಂಡಾಗುತ್ತದೆ. ಬೆಳಕಿಗೆಂದು ನಡುವೆ ಹಾಕಿದ ಪ್ಲಾಸ್ಟಿಕ್ ಶೀಟು ಇನ್ನೂ ಮೋಸದ್ದು. ಕೆಲವು ವರ್ಷಗಳಲ್ಲಿ ಅದರ ಮೇಲೆ ಪಾಚಿ, ದೂಳು ಕೂತು ಅಕ್ಕಪಕ್ಕದ ಶೀಟುಗಳಂತೆಯೇ ಕಾಣತೊಡಗುತ್ತದೆ. ಹತ್ತುವ ಮುಂಚೆ ಒಳಗೆ ನಿಂತು ಬೆಳಕು ಎಲ್ಲೆಲ್ಲಿ ಇಣುಕುತ್ತಿದೆ ಎಂದು ಗುರುತು ಮಾಡಿಕೊಳ್ಳಿ.

ಬೋಲ್ಟಿನ ಸಾಲಿನ ಮೇಲೆ ನಡೆದರೆ ಏನೂ ಆಗದು ಎನ್ನುವವರಿದ್ದಾರೆ. ಆ ಸಾಲಿನಡಿ ಪರ್ಲಿನ್, ಎಂದರೆ ಶೀಟನ್ನು ಹೊರುವ ಅಡ್ಡಪಟ್ಟಿ ಇರುವುದು ನಿಜ, ಆದರೆ ಅದರ ಅಗಲ ಪಾದದಷ್ಟೂ ಇರುವುದಿಲ್ಲ. ಕಾಲು ಒಂದಿಷ್ಟು ತಪ್ಪಿದರೆ ಮುಗಿಯಿತು. ದಪ್ಪ ಹಲಗೆಯನ್ನು ಕನಿಷ್ಠ ಮೂರು ಪರ್ಲಿನ್‌ಗಳ ಮೇಲೆ ಬರುವಂತೆ ಹಾಸಿ, ಜಾರದಂತೆ ಕಟ್ಟಿ, ಹಲಗೆಯ ಮೇಲಷ್ಟೇ ಓಡಾಡಿ. ಮುಂದಕ್ಕೆ ಹೋಗಲು ಎರಡನೆಯ ಹಲಗೆ ಬೇಕು. ಒಂದನ್ನೇ ಎಳೆದಾಡುತ್ತಾ ಶೀಟಿನ ಮೇಲೆ ನಿಲ್ಲುವುದಾದರೆ ಹಲಗೆ ತಂದೂ ಪ್ರಯೋಜನವಿಲ್ಲ. ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಸ್) ಇರಬಹುದಾದ್ದರಿಂದ ಅದನ್ನು ಕೊರೆಯುವುದು, ಕತ್ತರಿಸುವುದು, ಒಣ ಬ್ರಷ್‌ನಿಂದ ಉಜ್ಜುವುದು ಯಾವುದೂ ಕೂಡದು. ಆ ದೂಳು ಶ್ವಾಸಕೋಶ ಸೇರಿದರೆ ರೋಗ ತಲೆಯೆತ್ತುವುದು ದಶಕಗಳ ನಂತರ.

ಹೆಂಚಿನ ಮೇಲಾದರೆ, ಒಂದರ ಮೇಲೊಂದು ಕೂಡುವ ಕೆಳ ಅಂಚಿನಲ್ಲಿ, ಅಡಿಯಲ್ಲಿ ರೀಪು ಇರುವ ಕಡೆ ಮೆಟ್ಟಬೇಕು. ನಡುಭಾಗಕ್ಕೆ ಭಾರ ಬಿದ್ದರೆ ಹೆಂಚು ಒಡೆಯುತ್ತದೆ. ತಾರಸಿಗೆ ಬಣ್ಣ ಬಳಿಯುವವರು ಹಿಂದೆ ಹಿಂದೆ ಸರಿಯುತ್ತಾ ಅಂಚಿಗೇ ಹೋಗುವುದುಂಟು. ಅಂಚಿಗೆ ಮುಖ ಮಾಡಿ ಅಲ್ಲಿಂದಲೇ ಶುರುಮಾಡಿ, ಮೆಟ್ಟಿಲಿನ ಕಡೆಗೆ ಸರಿಯಿರಿ.

ಸುರಕ್ಷತಾ ಬೆಲ್ಟು ಭುಜ, ಎದೆ, ತೊಡೆಗಳನ್ನೆಲ್ಲ ಬಳಸುವಂಥದ್ದಾಗಿರಲಿ. ಸೊಂಟಕ್ಕೆ ಬರೀ ಹಗ್ಗ ಸುತ್ತಿಕೊಂಡರೆ ಬಿದ್ದಾಗ ಹೊಟ್ಟೆಗೆ, ಬೆನ್ನುಮೂಳೆಗೆ ಏಟಾಗುತ್ತದೆ. ಹಗ್ಗದ ಇನ್ನೊಂದು ತುದಿಯನ್ನು ಗಟ್ಟಿ ತೊಲೆಗೆ ಬಿಗಿಯಿರಿ, ನೀರಿನ ಪೈಪಿಗಲ್ಲ. ಉದ್ದ ಎಷ್ಟಿರಬೇಕೆಂದರೆ, ನೀವು ಬಯಸಿದರೂ ಅಂಚು ತಲುಪಬಾರದು.

ಇಳಿಯುವಾಗ ಚಾವಣಿಯಿಂದ ಏಣಿಗೆ ಕಾಲಿಡುವ ಆ ಕ್ಷಣದಲ್ಲಿ ಆತುರ ಬೇಡ. ದಣಿದ ಕಾಲು ಎಡವುವುದು ಅಲ್ಲೇ. ಏಣಿಗೆ ಮುಖ ಮಾಡಿ, ತುದಿ ಹಿಡಿದು, ಮೆಟ್ಟಿಲು ಪಾದಕ್ಕೆ ಸಿಕ್ಕಿದ ಮೇಲೆಯೇ ಭಾರ ಬಿಡಿ. ಕೆಳಗಿಳಿದ ಮೇಲೆ ಏಣಿಯನ್ನು ಅಲ್ಲೇ ಒರಗಿಸಿಟ್ಟು ಊಟಕ್ಕೆ ಹೋಗಬೇಡಿ, ಮಕ್ಕಳು ಹತ್ತಿಬಿಡುತ್ತಾರೆ.