ವಿಜಯೋತ್ಸವದ ಹಳೆಯ ಚಿತ್ರದ ದಿನಾಂಕವನ್ನು ಗುರುತಿಸುವ ಬಗೆ

ಲಂಡನ್ನಿನ ಬೀದಿಯಲ್ಲಿ ಜನರು ಸಂಭ್ರಮಿಸುತ್ತಿರುವ ಹಳೆಯ ಛಾಯಾಚಿತ್ರ ದೊರೆತಾಗ, ಅದು ಮೊದಲನೆಯ ಮಹಾಯುದ್ಧ ನಿಂತ 1918ರ ನವೆಂಬರ್ 11ರದೋ, ಎರಡನೆಯ ಮಹಾಯುದ್ಧ ಯುರೋಪಿನಲ್ಲಿ ಮುಗಿದ 1945ರ ಮೇ 8ರದೋ, ಜಪಾನಿನ ಶರಣಾಗತಿಯನ್ನು ಆಚರಿಸಿದ ಅದೇ ವರ್ಷದ ಆಗಸ್ಟ್ 15ರದೋ ಎಂಬುದನ್ನು ಚಿತ್ರದ ಕೆಳಗಿನ ಬರಹವೊಂದನ್ನೇ ನಂಬಿ ತೀರ್ಮಾನಿಸದೆ, ಮೊದಲು ಹಿನ್ನೆಲೆಯನ್ನು ನಿಧಾನವಾಗಿ ನೋಡಿರಿ.

ನನ್ನ ದೃಷ್ಟಿಯಲ್ಲಿ ಪಿಕಡಿಲಿ ಸರ್ಕಸ್ ಎಂಬ ರಸ್ತೆವೃತ್ತದ ಈರೋಸ್ ಪ್ರತಿಮೆಯೇ ಅತ್ಯಂತ ನೆರವಾಗುವ ಗುರುತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದನ್ನು ಸುರಕ್ಷತೆಗಾಗಿ ಬೇರೆಡೆಗೆ ಸಾಗಿಸಲಾಗಿದ್ದು, ಅದು ಮರಳಿದ್ದು 1947ರಲ್ಲಿ. ಆದ್ದರಿಂದ ಪ್ರತಿಮೆಯಿಲ್ಲದ, ಹಲಗೆಗಳಿಂದ ಮುಚ್ಚಿದ ಪೀಠದ ಮೇಲೆ ಜನ ಹತ್ತಿ ನಿಂತಿದ್ದರೆ ಚಿತ್ರ 1918ರದಲ್ಲ. ವೈಟ್‌ಹಾಲ್ ಬೀದಿಯಾದರೆ ಯುದ್ಧದಲ್ಲಿ ಮಡಿದವರ ನೆನಪಿನ ಕಲ್ಲಿನ ಸೆನೊಟಾಫ್ ಸ್ಮಾರಕವನ್ನು ಹುಡುಕಿರಿ, ಏಕೆಂದರೆ ಅದು ಅನಾವರಣಗೊಂಡದ್ದು 1920ರಲ್ಲಿ.

ಮೇ ಮತ್ತು ಆಗಸ್ಟ್‌ಗಳನ್ನು ಬೇರ್ಪಡಿಸುವುದು ಕಷ್ಟ. ಬಕಿಂಗ್‌ಹ್ಯಾಮ್ ಅರಮನೆಯ ಮಹಡಿಯಲ್ಲಿ ರಾಜ ಆರನೆಯ ಜಾರ್ಜ್ ಅವರೊಡನೆ ಪ್ರಧಾನಿ ಚರ್ಚಿಲ್ ನಿಂತಿದ್ದರೆ ಅದು ಮೇ 8. ಆಗಸ್ಟ್ ವೇಳೆಗೆ ಪ್ರಧಾನಿಯ ಸ್ಥಾನದಲ್ಲಿ ಆಟ್ಲೀ ಇದ್ದರು.

ಚಿತ್ರ ಮಾಸ್ಕೋದ್ದಾದರೆ ಮೇ 9 ಎಂದು ಬರೆಯುವುದು ಸರಿ: ಬರ್ಲಿನ್ನಿನಲ್ಲಿ ಜರ್ಮನಿಯ ಶರಣಾಗತಿಗೆ ಸಹಿ ಬೀಳುವ ಹೊತ್ತಿಗೆ ಮಾಸ್ಕೋದಲ್ಲಿ ಮಧ್ಯರಾತ್ರಿ ಕಳೆದಿತ್ತು. ಜಪಾನಿನ ಶರಣಾಗತಿಯ ಸುದ್ದಿಗೆ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ತುಂಬಿದ್ದು ಆಗಸ್ಟ್ 14ರಂದು.

ಮೇ 8ರ ಚಿತ್ರಕ್ಕೆ ಶೀರ್ಷಿಕೆ ಕೊಡುವಾಗ ‘ಯುದ್ಧ ಮುಗಿದ ದಿನ’ ಎನ್ನದೆ ‘ಯುರೋಪಿನಲ್ಲಿ ಯುದ್ಧ ಮುಗಿದ ದಿನ’ ಎಂದೇ ಬರೆಯಿರಿ. ಅಂದು ಬರ್ಮಾದಲ್ಲಿ ಭಾರತೀಯ ಸೈನಿಕರು ಇನ್ನೂ ಹೋರಾಡುತ್ತಿದ್ದರು.