ಮನೆಯಲ್ಲಿ ಒಬ್ಬರಿಗೆ ಮೆದುಳಿನ ಕ್ಯಾನ್ಸರ್: ಜೊತೆಗಿರುವವರು ಏನೇನು ಮಾಡಬೇಕು?

ಆಪರೇಷನ್ ಆಗಿ ಮನೆಗೆ ಬಂದ ಮೂರನೇ ದಿನ ಅಕ್ಕ ಕೈ ಚಾಚಿ "ಬೀಗ ಕೊಡು" ಅಂದಳು. ತಂದು ಕೊಟ್ಟೆ. ಸಿಟ್ಟಿನಿಂದ ಪಕ್ಕಕ್ಕೆ ತಳ್ಳಿ ಮತ್ತೆ ಅದನ್ನೇ ಅಂದಳು. ಅವಳಿಗೆ ಬೇಕಿದ್ದದ್ದು ನೀರು.

ಗಡ್ಡೆ ಮಾತಿನ ಜಾಗದ ಹತ್ತಿರ ಇದ್ದರೆ ಹೀಗಾಗುತ್ತದೆ. ಬುದ್ಧಿ ಕೆಟ್ಟಿಲ್ಲ, ಪದ ಸಿಗುತ್ತಿಲ್ಲ ಅಷ್ಟೇ. ಟಿವಿ ಆಫ್ ಮಾಡಿ, ಎದುರಿಗೆ ಕೂತು, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. "ಏನು ಬೇಕು" ಅನ್ನುವ ಬದಲು "ನೀರು ಬೇಕಾ" ಅಂದರೆ ತಲೆ ಆಡಿಸಿದರೂ ಸಾಕು. ನೋಡಲು ಬಂದ ನೆಂಟರ ಮುಂದೆ "ಇವಳಿಗೆ ಏನೂ ಗೊತ್ತಾಗಲ್ಲ" ಅಂತ ದಯವಿಟ್ಟು ಹೇಳಬೇಡಿ. ಎಲ್ಲಾ ಕೇಳಿಸುತ್ತಿರುತ್ತದೆ.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ, ಪೆನ್ನನ್ನು ದಾರದಲ್ಲಿ ಅದಕ್ಕೇ ಕಟ್ಟಿ. ಯಾವ ಮಾತ್ರೆ ಎಷ್ಟು ಹೊತ್ತಿಗೆ, ತಲೆನೋವು, ವಾಂತಿ, ನಿದ್ದೆ, ಡಾಕ್ಟರಿಗೆ ಕೇಳಬೇಕಾದ್ದು, ಎಲ್ಲಾ ಅದರಲ್ಲೇ ಇರಲಿ. ಒಪಿಡಿಯಲ್ಲಿ ಸಿಗುವ ಐದು ನಿಮಿಷದಲ್ಲಿ ನಮಗೆ ಅರ್ಧ ಮರೆತೇ ಹೋಗುತ್ತದೆ, ಅಲ್ವಾ?

ಆಮೇಲೆ ರೇಡಿಯೇಷನ್, ನಮ್ಮ ಜನ ಹೇಳುವ ಹಾಗೆ 'ಕರೆಂಟ್ ಕೊಡೋದು'. ಗ್ಲಿಯೊಬ್ಲಾಸ್ಟೊಮಾ (ಬೇಗ ಬೆಳೆಯುವ ಒಂದು ಮೆದುಳಿನ ಕ್ಯಾನ್ಸರ್) ಆದರೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6 ವಾರ, ಒಟ್ಟು 30 ಸಿಟ್ಟಿಂಗ್. ತಲೆ ಅಲುಗಾಡದಿರಲು ಬಲೆಯಂಥ ಪ್ಲಾಸ್ಟಿಕ್ ಮುಖವಾಡ ಹಾಕುತ್ತಾರೆ. ಅಕ್ಕ ಹೊರಗೆ ಬಂದಾಗ ಹಣೆಯ ಮೇಲೆ ಅದರ ಚೌಕ ಚೌಕ ಗುರುತು ಮೂಡಿರುತ್ತಿತ್ತು, ನಾನು ಬೆರಳಿನಿಂದ ಮೆಲ್ಲಗೆ ಸವರುತ್ತಿದ್ದೆ. ಯಂತ್ರದ ಕೆಲಸ ಕೆಲವೇ ನಿಮಿಷ, ಸುಸ್ತು ಮಾಡುವುದು ಓಡಾಟ. ಬೆಂಗಳೂರಿನ ಕಿದ್ವಾಯಿ, ನಿಮ್ಹಾನ್ಸ್ ಆಸ್ಪತ್ರೆ ಎರಡೂ ಹೊಸೂರು ರಸ್ತೆಯಲ್ಲಿ ಅಕ್ಕಪಕ್ಕದಲ್ಲೇ ಇವೆ, ಆದರೆ ರಾಜಾಜಿನಗರದಿಂದ ಆ ಟ್ರಾಫಿಕ್‌ನಲ್ಲಿ ದಿನಾ ಹೋಗಿ ಬರುವುದು ಹುಷಾರಿದ್ದವರಿಗೇ ಕಷ್ಟ. ಆ ದಿಕ್ಕಿನಲ್ಲಿ ನೆಂಟರ ಮನೆ ಇದ್ದರೆ ಸಂಕೋಚ ಬಿಟ್ಟು ಕೇಳಿ.

ಟೆಮೊಝೊಲೊಮೈಡ್ ಅನ್ನುವ ಕೀಮೊ ಕ್ಯಾಪ್ಸೂಲನ್ನು ಖಾಲಿ ಹೊಟ್ಟೆಯಲ್ಲಿ, ಬಿಚ್ಚದೆ, ಇಡಿಯಾಗಿ ನುಂಗಿಸಬೇಕು. ವಾಂತಿಯಾದರೆ ನೀವೇ ಇನ್ನೊಂದು ಕೊಡಬೇಡಿ, ಫೋನ್ ಮಾಡಿ ಕೇಳಿ. ಕೀಮೊ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಮೆದುಳಿನ ಊತ ಇಳಿಸಲು ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಡುತ್ತಾರೆ. ಇದರಿಂದ ಹಸಿವು ಜಾಸ್ತಿ, ನಿದ್ದೆ ಕಡಿಮೆ, ಸಕ್ಕರೆ ಏರಬಹುದು, ಮುಂಗೋಪ ಬರಬಹುದು. ಒಂದು ರಾತ್ರಿ ಎರಡು ಗಂಟೆಗೆ ಉಪ್ಪಿಟ್ಟು ಬೇಕು ಅಂದಳು, ಮಾಡಿ ಕೊಟ್ಟರೆ ತಟ್ಟೆ ಎಸೆದಳು. ಎರಡು ದಿನ ನಾನು ಸರಿಯಾಗಿ ಮಾತಾಡಲಿಲ್ಲ. ಆ ಸಿಟ್ಟು ಅವಳದಲ್ಲ, ಗಡ್ಡೆಯದು, ಮಾತ್ರೆಯದು ಅಂತ ಯಾರಾದರೂ ಮೊದಲೇ ಹೇಳಿದ್ದರೆ ಆ ಎರಡು ದಿನ ಉಳಿಯುತ್ತಿತ್ತು. ನಿಮಗೆ ಈಗಲೇ ಹೇಳುತ್ತಿದ್ದೇನೆ. ಹಾಗಂತ ಮಾತ್ರೆಯನ್ನು ಏಕಾಏಕಿ ನಿಲ್ಲಿಸಬೇಡಿ, ಅದು ಅಪಾಯ. ಡಾಕ್ಟರ್ ಹೇಳಿದಂತೆ ಮೆಲ್ಲಗೆ ಇಳಿಸಬೇಕು.

ಫಿಟ್ಸ್ ಬಂದರೆ ಕೈಗೆ ಬೀಗದ ಕೈ, ಕಬ್ಬಿಣ ಏನೂ ಬೇಡ. ಬಾಯಿಗೆ ಚಮಚ, ನೀರು ಬೇಡವೇ ಬೇಡ. ಪಕ್ಕಕ್ಕೆ ಮಲಗಿಸಿ, ಕುತ್ತಿಗೆ ಹತ್ತಿರ ಬಟ್ಟೆ ಸಡಿಲ ಮಾಡಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಅಥವಾ ನಿಂತು ಮತ್ತೆ ಬಂದರೆ 108ಕ್ಕೆ ಫೋನ್ ಮಾಡಿ.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಕಾಣಿ. ಚಿಕಿತ್ಸೆಯಿಂದ ಇನ್ನು ಹೆಚ್ಚು ಪ್ರಯೋಜನವಿಲ್ಲ ಅನ್ನುವ ಹಂತ ಬಂದರೆ ಮಾರತ್ತಹಳ್ಳಿಯಲ್ಲಿ ಕರುಣಾಶ್ರಯ ಇದೆ, ಅಲ್ಲಿ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ.

ಇನ್ನು ನೀವು. "ಏನಾದರೂ ಬೇಕಾದರೆ ಹೇಳಿ" ಅನ್ನುವವರು ತುಂಬಾ ಜನ ಸಿಗುತ್ತಾರೆ. ಸುಮ್ನೆ ತಲೆ ಆಡಿಸಬೇಡಿ, ದಿನ ಹಿಡಿದು ಕೆಲಸ ಹೇಳಿ: ಗುರುವಾರ ಆಸ್ಪತ್ರೆಗೆ ನೀವು ಕರೆದುಕೊಂಡು ಹೋಗಿ, ಶನಿವಾರ ಒಂದು ಡಬ್ಬಿ ಸಾರು ಕಳಿಸಿ. ಭಾನುವಾರ ಮಧ್ಯಾಹ್ನ ಚಿಕ್ಕಮ್ಮ ಬಂದು ಅಕ್ಕನ ಪಕ್ಕ ಕೂರುತ್ತಿದ್ದರು. ನಾನು ಒಳಗಿನ ರೂಮಿನಲ್ಲಿ ಮೂರು ಗಂಟೆ ಮಲಗಿಬಿಡುತ್ತಿದ್ದೆ.